ಹೆಸರಿಡಬಾರದಿದ್ದ ನಾಯಿ

ನಾನು ಚಿಕ್ಕವಳಿದ್ದಾಗ ನನ್ನ ಕೈಯಿಂದ ಒಂದು ನಾಯಿ ಕೆಟ್ಟುಹೋಯಿತು. ಕುರಿ ಕಾಯುವವರ ಮಾತಿನಲ್ಲಿ ನಾಯಿ ಕೆಡುವುದು ಎಂದರೆ ಕಚ್ಚುವುದಲ್ಲ, ಕದ್ದು ತಿನ್ನುವುದೂ ಅಲ್ಲ. ಕುರಿಗಳನ್ನು ಬಿಟ್ಟು ಮನುಷ್ಯರ ಹಿಂದೆ ಬರುವುದು. ಅದು ನನ್ನಿಂದಲೇ ಕೆಟ್ಟಿತೆಂದು ಅರವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಆದರೂ ಮೊಮ್ಮಕ್ಕಳೇ, ಮೊದಲು ನನಗೆ ನೆನಪಿರುವ ಹಾಗೆಯೇ ಹೇಳುತ್ತೇನೆ.

ನಮ್ಮ ಊರು ಕುಂದಗೋಳದ ಕಡೆಯ ಎರೆಭೂಮಿಯಲ್ಲಿತ್ತು. ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದು ಹೊಲಗಳು ಖಾಲಿಯಾದಾಗ ರೈತರು ಅಪ್ಪನನ್ನು ಕರೆದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಕುರಿ ಹಿಕ್ಕೆ ಬಿದ್ದ ಹೊಲದಲ್ಲಿ ಮುಂದಿನ ವರ್ಷ ಜೋಳ ಆಳೆತ್ತರ ಬೆಳೆಯುತ್ತಿತ್ತು. ಅಪ್ಪನ ಕಂಬಳಿಗೆ ಒಂದು ವಾಸನೆಯಿತ್ತು: ಉಣ್ಣೆ, ಒಲೆಯ ಹೊಗೆ, ಹುಳಿ ಮಜ್ಜಿಗೆ ಎಲ್ಲ ಕೂಡಿದ್ದು. ಬೇರೆ ಎಷ್ಟೋ ಮರೆತಿದ್ದೇನೆ, ಆ ವಾಸನೆ ಮರೆತಿಲ್ಲ.

ಆ ವರ್ಷ ದೀಪಾವಳಿಯ ಸುಮಾರಿಗೆ ನಮ್ಮ ನಾಯಿ ಎರಡು ಗಂಡು ಮರಿ ಹಾಕಿತು. ಅವು ಕಣ್ಣು ಬಿಡುವ ಮೊದಲೇ ಅಪ್ಪ ಎರಡನ್ನೂ ಒಯ್ದು, ಕುರಿಮರಿಗಳನ್ನು ಕೂಡಿಡುವ ಬಲೆಯೊಳಗೆ ಇಟ್ಟ. ಮರಿ ಸತ್ತುಹೋಗಿದ್ದ ಒಂದು ತಾಯಿಕುರಿಯನ್ನು ಹಿಡಿದು ನಿಲ್ಲಿಸಿ ಅದರ ಹಾಲು ಕುಡಿಸಿದ. ಕಣ್ಣು ತೆರೆದಾಗ ಅವಕ್ಕೆ ಮೊದಲು ಕಂಡದ್ದು ಕುರಿಮರಿಗಳ ಮುಖ. ಅವುಗಳ ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗುತ್ತಿದ್ದವು. ತಾವೂ ಕುರಿಗಳೇ ಎಂದು ತಿಳಿದು ಅವು ಬೆಳೆಯಬೇಕು, ಇದು ಅಪ್ಪ ನಾಯಿಗೆ ಕಲಿಸುವ ರೀತಿ. ನನಗೂ ಅಕ್ಕನಿಗೂ ಅವನು ಕಟ್ಟಪ್ಪಣೆ ಮಾಡಿದ್ದ: ಎತ್ತಿಕೊಳ್ಳಬಾರದು, ಕೈಯಿಂದ ತಿನ್ನಿಸಬಾರದು, ಕುರಿಗಳ ನಡುವಿನ ಕಲ್ಲಿನ ಮೇಲೆ ನುಚ್ಚು ಮಜ್ಜಿಗೆ ಹಾಕಿ ಸುಮ್ಮನೆ ಬರಬೇಕು.

“ಹೆಸರಂತೂ ಇಡಬ್ಯಾಡ್ರಿ,” ಎಂದಿದ್ದ. “ಹೆಸರ ಇಟ್ರ ಕರೀತೀರಿ. ಕರದ್ರ ಅದು ಬರತೈತಿ. ಅದು ಬಂತಂದ್ರ ಕುರಿ ಕಾಯವ್ರು ಯಾರು?”

ನಾನು ಹೆಸರಿಟ್ಟೆ. ಎರಡರಲ್ಲಿ ಒಂದು ಜೋಳದ ರೊಟ್ಟಿಯ ಬಣ್ಣಕ್ಕಿತ್ತು, ಅಲ್ಲಲ್ಲಿ ಸುಟ್ಟ ಚುಕ್ಕೆಗಳ ಸಮೇತ. ಅದನ್ನು ಜ್ವಾಳ್ಯಾ ಎಂದು ಕರೆದೆ. ಉಟ್ಟ ಪರಕಾರದ ಮಡಿಕೆಯಲ್ಲಿ ರೊಟ್ಟಿಯ ಚೂರು ಬಚ್ಚಿಟ್ಟುಕೊಂಡು ಹೋಗಿ, ಯಾರೂ ಇಲ್ಲದಾಗ ತಿನ್ನಿಸಿ, ಕಿವಿಯಲ್ಲಿ ಹೆಸರು ಹೇಳುತ್ತಿದ್ದೆ. ಅದರ ಬೆಚ್ಚಗಿನ ನಾಲಿಗೆ ನನ್ನ ಅಂಗೈಯನ್ನು ರೊಟ್ಟಿ ಮುಗಿದ ಮೇಲೂ ನೆಕ್ಕುತ್ತಿತ್ತು.

ಆ ಬೇಸಿಗೆಯಲ್ಲಿ ನಾನು ನಾಲ್ಕನೇ ಇಯತ್ತೆ ಪಾಸಾದೆ. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಐದನೆಯದಕ್ಕೆ ಹಳ್ಳದಾಚೆಯ ಊರಿಗೆ ಎರಡು ಮೈಲಿ ನಡೆಯಬೇಕು. ದಾರಿಯಲ್ಲಿ ಒಂದೂ ಮನೆಯಿಲ್ಲ, ಹಳ್ಳದ ದಂಡೆಯ ಜಾಲಿಕಂಟಿಗಳಲ್ಲಿ ತೋಳಗಳಿದ್ದವು. ಕೂಡ ಹೋಗುವವರಿಲ್ಲವೆಂದು ಮೂರು ವರ್ಷದ ಹಿಂದೆ ಅಕ್ಕನ ಓದು ನಿಂತಿತ್ತು. ಅವಳು ಅಪ್ಪನ ಜೊತೆ ಕುರಿ ಕಾಯುತ್ತಿದ್ದಳು. ನನ್ನದೂ ಇಲ್ಲಿಗೇ ಸಾಕೆಂದು ಅವ್ವ ಹೇಳಿಯಾಗಿತ್ತು. ನಾನು ಪಾಟಿಯನ್ನು ಒರೆಸಿ ಗೋಡೆಗೆ ಆನಿಸಿಟ್ಟಿದ್ದೆ.

ನಾನು ಹೇಳಬೇಕೆಂದಿರುವ ದಿನ ಬಂದದ್ದು ಮೊದಲ ಮಳೆ ಬಿದ್ದ ಮರುದಿನ. ಅಳ್ನಾವರದ ಕಟ್ಟಿಗೆ ಅಡ್ಡೆಯಲ್ಲಿ ಕಾವಲಿಗಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ಮುಧೋಳ ನಾಯಿಯನ್ನು ಹಿಡಿದುಕೊಂಡು ಬಂದಿದ್ದ. ಅಂಥ ನಾಯಿಯನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ಬಿದಿರಿನಂಥ ಕಾಲು. ಅದರ ಮುಂದೆ ನಮ್ಮ ಮರಿಗಳು ಗಿಡ್ಡ, ದಪ್ಪ ಕೂದಲು, ಮೈತುಂಬ ಎರೆಮಣ್ಣು. ಆಗ ಅವಕ್ಕೆ ಎಂಟು ತಿಂಗಳು.

“ಅಣ್ಣಾ, ನಾಯಿ ಅಂದ್ರ ಇದು,” ಎಂದ ಕಾಕಾ. “ನಿನ್ನವು ಎರಡು ಸಗಣಿ ಉಂಡಿ.”

“ಓಡಾಕ ಚಲೋ ಐತಿ,” ಎಂದ ಅಪ್ಪ. “ಕುಂದ್ರಾಕ ಬರತೈತೇನು?”

“ಕುಂದ್ರಾಕ ನಾಯಿ ಯಾಕ ಬೇಕು? ಒಂದು ಕಲ್ಲು ಇಟ್ರ ಸಾಕು.”

ಅಷ್ಟರಲ್ಲಿ ಬದುವಿನಿಂದ ಒಂದು ಮೊಲ ಜಿಗಿಯಿತು. ಮುಧೋಳ ನಾಯಿ ಹಗ್ಗ ಕಿತ್ತುಕೊಂಡು ಹೋದದ್ದೇ ಗೊತ್ತಾಗಲಿಲ್ಲ. ಕಣ್ಣು ಪಿಳುಕಿಸುವುದರಲ್ಲಿ ಮೂರು ಹೊಲದಾಚೆ ಇತ್ತು. ನನಗೆ ಅದು ಬಹಳ ಚಂದ ಕಂಡಿತೆಂದು ಒಪ್ಪಿಕೊಳ್ಳಬೇಕು. ಅಪ್ಪ ಮಾತ್ರ ಚದುರಿದ ಕುರಿಗಳನ್ನು ನಿಧಾನಕ್ಕೆ ಕೂಡಿಸುತ್ತಾ ಹೇಳಿದ: “ತಮ್ಮಾ, ತೋಳ ಜೋಡಿಲೆ ಬರ್ತಾವ. ಒಂದು ನಾಯಿನ್ನ ತನ್ನ ಹಿಂದ ಓಡಿಸಿಕೊಂಡು ಹೋಗತೈತಿ, ಇನ್ನೊಂದು ಮರಿ ಹೊರತೈತಿ. ನಿನ್ನ ನಾಯಿ ತಿರುಗಿ ಬರೂದ್ರಾಗ ನನ್ನ ಹಟ್ಟಿ ಖಾಲಿ.”

ಮುಧೋಳ ನಾಯಿ ತಿರುಗಿ ಬಂದ ಮೇಲೆ ಅದನ್ನು ಕಟ್ಟಿಸಿ, ನಮ್ಮ ಮರಿಗಳ ಪರೀಕ್ಷೆ ಅವತ್ತೇ ಆಗಲಿ ಎಂದು ಅಪ್ಪ ಹೇಳಿದ. ಪರೀಕ್ಷೆ ದೊಡ್ಡದೇನಲ್ಲ. ಮೇಯುವ ಕುರಿಗಳನ್ನು ಬಿಟ್ಟು ಮನುಷ್ಯರೆಲ್ಲ ಒಡ್ಡಿನ ಆಚೆ ಹೋಗಿ ಕೂರುವುದು. ಕುರಿಗಳ ಬಳಿಯೇ ಉಳಿದದ್ದು ನಮ್ಮ ನಾಯಿ. ನಮ್ಮ ಹಿಂದೆ ಬಂದದ್ದನ್ನು ಕಾಕಾ ಅಳ್ನಾವರಕ್ಕೆ ಒಯ್ಯುತ್ತಾನೆ.

“ಒಯ್ದು ಏನ ಮಾಡ್ತಿ ಕಾಕಾ?” ಎಂದು ಕೇಳಿದೆ.

“ಅಡ್ಡೆ ಬಾಗಲಕ್ಕ ಸರಪಳಿ ಹಾಕಿ ಕಟ್ತೀನಿ. ಬೊಗಳಿದ್ರ ಸಾಕು, ಮತ್ತೇನ ಕೆಲಸ ಇಲ್ಲ ಅದಕ್ಕ.”

ಒಡ್ಡಿನ ಆಚೆ ಹೋಗುವಾಗ ನಾನು ಅಪ್ಪನ ಕಂಬಳಿ ಇಸಿದುಕೊಂಡು ತಲೆಯಿಂದ ಕಾಲಿನವರೆಗೆ ಹೊದ್ದು, ನೇಗಿಲ ಸಾಲಿನಲ್ಲಿ ಬೋರಲು ಮಲಗಿದೆ. ಕುರಿಯ ವಾಸನೆಯಲ್ಲಿ ನನ್ನ ವಾಸನೆ ಅಡಗಲಿ ಎಂಬುದು ನನ್ನ ಉಪಾಯ. ಅಕ್ಕ ಇನ್ನೂ ಹಿಂದಿನಿಂದ ಬರುತ್ತಿದ್ದಳು. ಹಸಿಮಣ್ಣು ಕೆನ್ನೆಗೆ ತಣ್ಣಗೆ ಹತ್ತಿತ್ತು, ಉಣ್ಣೆ ಕತ್ತಿಗೆ ಚುಚ್ಚುತ್ತಿತ್ತು. ಬರಬ್ಯಾಡ, ಬರಬ್ಯಾಡ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಮೆಲ್ಲಗೆ ಭಾರ ಬಿತ್ತು. ಅಕ್ಕನ ಕೈ ಎಂದುಕೊಂಡು, “ಅಕ್ಕಾ, ಅದು ಬಂತೇನ?” ಎಂದು ಪಿಸುಗುಟ್ಟಿದೆ. ಕಂಬಳಿಯ ಸಂದಿಯಿಂದ ಒಂದು ಒದ್ದೆ ಮೂಗು ನುಗ್ಗಿ ನನ್ನ ಕಿವಿಗೆ ತಾಗಿತು.

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಣ್ಣಾ, ಇದು ಕುರಿ ಕಾಯೋ ನಾಯಿ ಅಲ್ಲ. ಹುಡುಗಿ ಕಾಯೋ ನಾಯಿ.” ನಗುತ್ತಲೇ ಸೊಂಟಕ್ಕೆ ಸುತ್ತಿದ್ದ ಇನ್ನೊಂದು ಹಗ್ಗ ಬಿಚ್ಚತೊಡಗಿದ.

ಅತ್ತ ಜ್ವಾಳ್ಯಾನ ಒಡಹುಟ್ಟಿದ ಮರಿ ಕುರಿಗಳ ಆಚೆ ಅಂಚಿನಲ್ಲಿ, ಮುಂಗಾಲಿನ ಮೇಲೆ ಗದ್ದ ಇಟ್ಟು ಕುಳಿತಿತ್ತು. ಅದರ ಕಿವಿಗಳಷ್ಟೇ ಆಡುತ್ತಿದ್ದವು. ಅಪ್ಪ ಅದನ್ನೊಮ್ಮೆ ನೋಡಿದ. ಆಮೇಲೆ ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತ. ನಾನು ಜ್ವಾಳ್ಯಾನ ಕೊರಳನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದೆ. ಹೆಸರಿಟ್ಟೆಯಾ ಎಂದು ಅವನು ಕೇಳಲಿಲ್ಲ.

“ಏನ ಹೆಸರ ಇಟ್ಟಿ?”

“ಜ್ವಾಳ್ಯಾ.”

“ಜ್ವಾಳ್ಯಾ,” ಎಂದು ಅಪ್ಪನೂ ಅಂದು ನೋಡಿದ. ನಾಯಿ ಅವನ ಕಡೆ ತಿರುಗಿ ಬಾಲ ಆಡಿಸಿತು. ಅಪ್ಪ ಹಳ್ಳದ ಕಡೆ, ಶಾಲೆಯ ದಾರಿಯ ಕಡೆ ನೋಡಿದ.

“ತಮ್ಮಾ, ಹಗ್ಗ ಒಳಗ ಇಡು. ಇದಕ್ಕ ಇಲ್ಲೇ ಕೆಲಸ ಐತಿ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಶಾಲಿ ಎಂದ ಸುರು?” ಎಂದು ಕೇಳಿದ.

ಶಾಲೆ ತೆರೆಯುವವರೆಗೆ ಅಪ್ಪ ನನಗೂ ಜ್ವಾಳ್ಯಾನಿಗೂ ಕಲಿಸಿದ. ಕಂಬಳಿಯ ಒಂದು ಮೂಲೆ ಹರಿದು ಕೊಟ್ಟು, ಅದನ್ನು ಎಲ್ಲಿ ಹಾಸುತ್ತೇನೋ ಅಲ್ಲಿ ಜ್ವಾಳ್ಯಾ ಕೂರುವಂತೆ ಮಾಡಿಸಿದ. ಹಾಸುವುದು, ಹತ್ತು ಹೆಜ್ಜೆ ಹೋಗುವುದು, ತಿರುಗಿ ಬಂದು ರೊಟ್ಟಿ ಕೊಡುವುದು. ಮರುದಿನ ಇಪ್ಪತ್ತು ಹೆಜ್ಜೆ. ಆಮೇಲೆ ಹಳ್ಳದವರೆಗೆ. ಎದ್ದು ಬಂದರೆ ಬೈಯುವಂತಿಲ್ಲ, ಮತ್ತೆ ಮೊದಲಿನಿಂದ. ಮೂರು ವರ್ಷ ಅದು ನನ್ನ ಮುಂದೆ ಮುಂದೆ ಹಳ್ಳ ದಾಟಿ, ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಆ ಕಂಬಳಿ ಚೂರಿನ ಮೇಲೆ ಗಂಟೆ ಹೊಡೆಯುವವರೆಗೆ ಕುಳಿತಿತ್ತು. ಅಲ್ಲಿಂದ ಮುಂದೆ ನಾನು ಕುಂದಗೋಳಕ್ಕೆ, ಧಾರವಾಡಕ್ಕೆ ಓದಲು ಹೋದೆ.

ನಿಮ್ಮ ಮನೆ ಹುಬ್ಬಳ್ಳಿಯಲ್ಲಿ, ಮೂರನೇ ಮಹಡಿಯಲ್ಲಿದೆ. ಶಾಲೆಯ ವ್ಯಾನು ಬಾಗಿಲಿಗೇ ಬರುತ್ತದೆ. ನಿಮ್ಮ ಜರ್ಮನ್ ಶೆಫರ್ಡ್ ಮನೆಗೆ ಬರುವ ಒಂದು ವಾರ ಮೊದಲೇ ನೀವು ಜಗಳಾಡಿ ಅದಕ್ಕೆ ಹೆಸರಿಟ್ಟಿರಿ. ಬಿಸ್ಕತ್ತು ಕೊಟ್ಟು ಕೂರಿಸುವ ಮೇಷ್ಟ್ರು ಭಾನುವಾರ ಬರುತ್ತಾರೆ. ಜೊತೆಗಿರಲು ಯಾವ ಜಾತಿಯ ನಾಯಿ ಒಳ್ಳೆಯದು ಎಂದು ಅದು ಬಂದ ಮೇಲೂ ನೀವು ಕೇಳಿದ್ದಕ್ಕೇ ಇಷ್ಟೆಲ್ಲ ಬರೆಯಲು ಕೂತೆ. ಅದಕ್ಕೆ ಉತ್ತರ ನನಗೆ ಗೊತ್ತಿದೆ ಎಂದೇ ಕಳೆದ ತಿಂಗಳವರೆಗೂ ಅಂದುಕೊಂಡಿದ್ದೆ.

ಕಳೆದ ತಿಂಗಳು ನಾವೆಲ್ಲ ಅಕ್ಕನ ಊರಿಗೆ ಹೋದದ್ದು ನೆನಪಿದೆಯಲ್ಲ. ಕುರಿ ಹಿಂಡು ಕಂಡದ್ದೇ ನಿಮ್ಮ ನಾಯಿ ನಿಮ್ಮಲ್ಲಿ ಕಿರಿಯವಳ ಹಿಂದೆ ಹೋಗಿ ಅಡಗಿತು. ದೊಡ್ಡವನಿಗೆ ನಾಚಿಕೆಯಾಯಿತು. ಅಕ್ಕ ಮಾತ್ರ ನಕ್ಕು, “ಬೈಬ್ಯಾಡೋ. ಅದು ಹುಡುಗಿ ಕಾಯೋ ನಾಯಿ,” ಎಂದು ತನ್ನ ಕಂಬಳಿ ಹಾಸಿದಳು. ನಾಯಿ ಬಂದು ಅದರ ಮೇಲೆ ಕುಳಿತುಕೊಂಡಿತು. ನೀವು ಆಡಲು ಹೋದ ಮೇಲೆ ಅವಳು ನನಗೆ ಹೇಳಿದಳು:

“ಆವತ್ತು ಜ್ವಾಳ್ಯಾ ತಾನಾಗೇ ಬಂದಿರಲಿಲ್ಲ ಬೇ. ಕುರಿ ಜೋಡಿ ಸುಮ್ನ ಕುಂತಿತ್ತು. ನಾನ ಬೆನ್ನ ತಟ್ಟಿ, ಜ್ವಾಳ್ಯಾ, ಆಕಿ ಕಡೆ ಹೋಗು ಅಂದೆ.”

“ನಿನಗ ಹೆಸರ ಗೊತ್ತಿತ್ತಾ?”

“ದಿನಾ ಅದರ ಕಿವ್ಯಾಗ ಹೇಳ್ತಿದ್ದಿ. ಕುರಿಗೂ ಗೊತ್ತಿತ್ತು.”

ಆ ಪರೀಕ್ಷೆಯ ಹಿಂದಿನ ದಿನ ಅಪ್ಪ ಅವ್ವನ ಹತ್ತಿರ, ಕೂಡ ಹೋಗಲು ಒಂದು ನಾಯಿಯಾದರೂ ಇದ್ದಿದ್ದರೆ ಇವಳನ್ನು ಶಾಲೆಗೆ ಕಳಿಸುತ್ತಿದ್ದೆ ಎಂದಿದ್ದನಂತೆ. ಅಕ್ಕ ಕೇಳಿಸಿಕೊಂಡಿದ್ದಳು. “ಕಾಕಾ ಒಯ್ದುಬಿಟ್ಟಿದ್ರ?” ಎಂದೆ. “ಅದನ್ನ ಆಮ್ಯಾಲ ನೆನಿಸಿ ಅಂಜಿದೆ,” ಎಂದಳು. ಆಮೇಲೆ, “ನೀ ಕಲ್ತದ್ದು ಸಂಜಿಗೆ ಬಂದು ನನಗೂ ಹೇಳ್ತಿ ಅಂತ ಕಳಿಸಿದ್ದೆ. ಹೇಳಿದ್ಯಾ?” ಎಂದು ಕೇಳಿದಳು. ನಗುತ್ತಲೇ ಕೇಳಿದಳು.

ಹೇಳಿದೆನೇ? ನಾನು ಪಾಟಿಯ ಮೇಲೆ ಬರೆದದ್ದರ ಮೇಲೆ ಅಕ್ಕ ಬೆರಳಾಡಿಸುತ್ತಿರುವ ಒಂದು ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ನಡೆದದ್ದೋ, ನಡೆದಿದ್ದರೆ ಚೆನ್ನಾಗಿತ್ತೆಂದು ಈಗ ನಾನು ಸೇರಿಸಿಕೊಂಡದ್ದೋ ತಿಳಿಯದು. ಅದಕ್ಕೇ ಇದನ್ನು ನಿಮ್ಮ ಕೈಗೆ ಕೊಡುವ ಮೊದಲು, ನಿಮ್ಮ ನಾಯಿಯನ್ನೂ ಕರೆದುಕೊಂಡು ನಿನ್ನೆ ಊರಿಗೆ ಹೋಗಿ ಅಕ್ಕನಿಗೆ ಪೂರ್ತಿ ಓದಿ ಹೇಳಿದೆ. ಅವಳು ಯಾವುದನ್ನೂ ತಿದ್ದಲಿಲ್ಲ. ಮುಗಿದ ಮೇಲೆ ಕಂಬಳಿಯ ಮೇಲೆ ಮಲಗಿದ್ದ ನಾಯಿಯ ಕಿವಿ ಸವರುತ್ತಾ ಹೇಳಿದಳು:

“ಜ್ವಾಳ್ಯಾ ಶಾಲಿ ಮುಂದ ಕುಂದ್ರೂದು ಐತಲ್ಲ, ಅದನ್ನ ಇನ್ನೊಮ್ಮೆ ಓದು. ಅದನ್ನ ನಾ ನೋಡಿಲ್ಲ.”