ನಲ್ಲಿ ಐತೆ ಅಂತ ಬರ್ಕಳಿ

ಊರಿಗೆ ನೀರು ಬಿಡುವ ನಮ್ಮ ನೀರುಗಂಟಿ ನಕ್ಕರೆ ಕಂದು ಹಲ್ಲು ಕಾಣುತ್ತಿದ್ದವು. ಎಲೆಅಡಿಕೆ ಕಲೆಯಲ್ಲ, ಅವರು ಹುಟ್ಟಿ ಬೆಳೆದ ಮೇಲಿನ ಹಟ್ಟಿಯ ಬೋರ್‌ವೆಲ್ ನೀರಿನ ಕಲೆ. ಮೊಣಕಾಲು ಎರಡೂ ಹೊರಕ್ಕೆ ಬಾಗಿದ್ದವು. ಫ್ಲೋರೈಡ್ ಅನ್ನೋ ಹೆಸರು ನಾವು ಕೇಳುವ ಮೊದಲೇ ಅದು ಅವರ ಮೂಳೆ ಸೇರಿತ್ತು.

ಸಿಂಗಟಗೆರೆ ಕಡೆಯ ಒಂದು ಪಂಚಾಯ್ತಿಯಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೇನೆ. ನೀರುಗಂಟಿ ನನ್ನನ್ನು 'ಕಂಪ್ಯೂಟ್ರಮ್ಮ' ಅಂತಲೇ ಕರೆಯೋರು. ಬೆಳಿಗ್ಗೆ ಬೋರ್ ನೀರಿನ ವಾಲ್ವ್ ತಿರುಗಿಸಿ, ಅಂಗೈಯಲ್ಲಿ ನೀರು ಹಿಡಿದು ನಾಲಿಗೆಗೆ ಹಚ್ಚಿ, 'ಥೂ' ಅಂತ ಉಗಿಯೋರು. ಆಮೇಲೆ ಕೆರೆ ಏರಿ ಕೆಳಗಿನ ಬಾವಿಯಿಂದ ಎರಡು ಕ್ಯಾನು ಸಿಹಿನೀರು ತುಂಬಿ, ಸೈಕಲ್ಲಿಗೆ ಕಟ್ಟಿ, ಹಟ್ಟಿಯ ಅಂಗನವಾಡಿಗೆ ತಳ್ಳಿಕೊಂಡು ಹತ್ತೋರು. ಅದು ಅವರ ಡ್ಯೂಟಿಯಲ್ಲ. "ನನ್ ಕಾಲಂತೂ ಹೋಯ್ತು, ಆ ಮಕ್ಳ ಕಾಲಾದ್ರೂ ನೆಟ್ಟಗಿರ್ಲಿ ಕಣಮ್ಮ" ಅನ್ನೋರು.

ಒಂದು ವರ್ಷ ಪಂಚಾಯ್ತಿಗಳು ಕಂಪ್ಯೂಟರಲ್ಲಿ ತುಂಬಬೇಕಾದ ಸುಸ್ಥಿರ ಅಭಿವೃದ್ಧಿ ಗುರಿಗಳ ನಮೂನೆ ಸರ್ಕಾರದಿಂದ ಬಂತು. ಕಡೂರಲ್ಲಿ ತರಬೇತಿ, ಊಟ, ಬ್ಯಾಗು ಎಲ್ಲಾ ಆಯ್ತು. 'ಪ್ರತಿ ಮನೆಗೂ ಸುರಕ್ಷಿತ ಕುಡಿಯುವ ನೀರು ಇದೆಯೇ?' ಅಂತ ಒಂದು ಪ್ರಶ್ನೆ. ಹಟ್ಟಿಗೆ ಆಗಷ್ಟೇ ಮನೆಮನೆಗೂ ನಲ್ಲಿ ಕೂರಿಸಿದ್ದರು, ಬರುತ್ತಿದ್ದದ್ದು ಅದೇ ಬೋರಿನ ನೀರು. ನೀರುಗಂಟಿ ನನ್ನ ಹಿಂದೆ ನಿಂತು ಪ್ರಶ್ನೆ ಓದಿಸಿಕೊಂಡರು.

"ನಲ್ಲಿ ಐತೆ ಅಂತ ಬರ್ಕಳಿ ಕಂಪ್ಯೂಟ್ರಮ್ಮ. ನೀರೈತೆ ಅಂತ ಬರೀಬ್ಯಾಡಿ."

"ಅಯ್ಯೋ, ಹೌದು, ಇಲ್ಲ, ಎರಡೇ ಇರೋದು ಕಣಣ್ಣ."

"ಹಂಗಾರೆ ಇಲ್ಲ ಅನ್ನಿ."

ಸಂಜೆಯೊಳಗೆ ಮುಗಿಸು ಅಂತ ಪಂಚಾಯ್ತಿ ಸಾಹೇಬರು ಅವಸರ ಮಾಡಿದ್ದರು. 'ಹೌದು' ಒತ್ತಿಬಿಟ್ಟೆ. ದರಿದ್ರ ಬೆರಳು! ಪೂರ್ತಿ ಅಂಕ ಬಂತು, ಪ್ರಶಸ್ತಿಪತ್ರ ಗೋಡೆಗೆ ಬಂತು. ನೀರು ಸರಿಯಿಲ್ಲದ ಊರುಗಳಿಗೆ ಶುದ್ಧ ನೀರಿನ ಘಟಕ ಹಂಚಿದಾಗ ಪಟ್ಟಿಯಲ್ಲಿ ನಮ್ಮ ಹಟ್ಟಿ ಇರಲಿಲ್ಲ. "ಹೋಗ್ಲಿ ಬುಡಿ, ಸೈಕಲ್ ಐತಲ್ಲ" ಅಂದರು ನೀರುಗಂಟಿ. ಬೈದಿದ್ದರೇ ಚೆನ್ನಾಗಿತ್ತು.

ಹೋದ ತಿಂಗಳು ಹಟ್ಟಿಯ ಏರಿನಲ್ಲೇ ಮೊಣಕಾಲು ಸೋತು ಬಿದ್ದರು. ತುಂಬಿದ ಕ್ಯಾನುಗಳ ಸಮೇತ ಸೈಕಲ್ ಮೈಮೇಲೆ ಉರುಳಿತು, ತಲೆ ಕಲ್ಲಿಗೆ ಬಡಿಯಿತು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಮಾರನೆಯ ದಿನವೇ ಈ ವರ್ಷದ ನಮೂನೆ ತೆರೆದು ಆ ಪ್ರಶ್ನೆಗೆ 'ಇಲ್ಲ' ಒತ್ತಿದೆ. 'ಈಗಾಗಲೇ ಸಾಧಿಸಿದ ಗುರಿಯನ್ನು ಬದಲಿಸುವಂತಿಲ್ಲ' ಅಂತ ಕೆಂಪಕ್ಷರ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ. ಅಳು ಬಂತು.

ಬಾಗಿಲಲ್ಲಿ ಅಂಗನವಾಡಿ ಟೀಚರು ಎರಡು ಖಾಲಿ ಕ್ಯಾನು ಹಿಡಿದು ನಿಂತಿದ್ದರು. "ಇನ್ಮೇಲೆ ನೀರು ಯಾರು ತರ್ತಾರೆ ಮೇಡಂ?"

ಎದ್ದು ಕ್ಯಾನು ಇಸ್ಕೊಂಡೆ. ನೀರುಗಂಟಿಯ ಸೈಕಲ್ಲನ್ನು ಯಾರೋ ತಂದು ಆಫೀಸಿನ ಹಿಂದೆ ಒರಗಿಸಿದ್ದರು. ನನಗೆ ಸೈಕಲ್ ತುಳಿಯಲು ಬರುವುದಿಲ್ಲ. ತಳ್ಳಿಕೊಂಡೇ ಬಾವಿ ಕಡೆ ಹೊರಟೆ.