ಬುಲೋರ್ ಒಪ್ಪದ ಸಮಾಧಾನ

ಸಮರ್ಕಂದದ ಯೆಹೂದಿ ಕೇರಿಯಲ್ಲಿ ರಜಾಯಿ ಹೊಲಿಯುವ ಬುಲೋರ್ ಎಂದರೆ ಹಟಮಾರಿ ಎಂದೇ ಲೆಕ್ಕ. ಜರ್ಮನರ ಮೇಲೆ ಯುದ್ಧಕ್ಕೆ ಹೋದ ಗಂಡ ನೇರಿಯೋ ಕಾಣೆಯಾಗಿದ್ದಾನೆಂದು ಕಾಗದ ಬಂದು ಇಪ್ಪತ್ತೆರಡು ವರ್ಷ. ಅವಳು ಅವನ ಹೆಸರಿನಲ್ಲಿ ದೀಪ ಹಚ್ಚಲಿಲ್ಲ, ಏಳು ದಿನ ನೆಲದ ಮೇಲೆ ಕೂತು ಸೂತಕ ಆಚರಿಸಲಿಲ್ಲ. ಕೇರಿಗೆ ಕೇರಿಯೇ ಹೇಳಿ ಸೋತಿತು.

ಈ ಹಟಕ್ಕೆ ನೀರೆರೆದವರು ಗುರು ಹಿಸ್ಕಿಯೋ, ಅದೂ ತಮಗೇ ತಿಳಿಯದೆ. ಕಾಗದ ಬಂದ ಚಳಿಗಾಲದಲ್ಲಿ ಒಂದು ಶನಿವಾರ ಅವರು ಧರ್ಮಗ್ರಂಥ ತೋರಾದ ವಚನ ಓದಿದ್ದರು: ಯೋಸೇಫ ಸತ್ತನೆಂದು ನಂಬಿದ ತಂದೆ ಯಾಕೋಬ, ಮಕ್ಕಳು ಎಷ್ಟು ಹೇಳಿದರೂ ಸಮಾಧಾನ ಹೊಂದಲೊಲ್ಲದೆ ಹೋದ. ಯಾಕೆ? ಹಿಂದಿನವರ ವ್ಯಾಖ್ಯಾನವನ್ನೂ ಬಿಡಿಸಿ ಹೇಳಿದರು. ಸತ್ತವರು ಮನಸ್ಸಿನಿಂದ ಮರೆಯಾಗಲಿ ಎಂಬುದು ದೇವರ ಕಟ್ಟಳೆ. ಬದುಕಿರುವವರಿಗೆ ಆ ಕಟ್ಟಳೆ ಇಲ್ಲ. ಯೋಸೇಫ ಬದುಕಿದ್ದ, ಅದಕ್ಕೇ ಮುದುಕನ ದುಃಖ ಆರಲಿಲ್ಲ.

ನನ್ನ ದುಃಖವೂ ಆರಿಲ್ಲ, ಹಾಗಾದರೆ ನಮ್ಮೆಜಮಾನ್ರೂ ಬದುಕಿದ್ದಾರೆ ಎಂದುಕೊಂಡಳು ಬುಲೋರ್. ಅಂದಿನಿಂದ ಆ ದುಃಖವನ್ನು ಒಲೆಯ ಕೆಂಡದಂತೆ ಕಾಯ್ದಳು.

"ಅತ್ತಿಗೆ, ಅಣ್ಣ ಹೋದ ಅಂತ ಒಪ್ಕೊಂಡ್ಬಿಡು. ನಂಗೇನು ಕರುಳಿಲ್ವಾ?" ಎನ್ನುತ್ತಿದ್ದಳು ನಾದಿನಿ ಮಝೋಲ್.

"ನಿಂಗೆ ಸಮಾಧಾನ ಆಗಿದ್ರೆ ನೀನೇ ದೀಪ ಹಚ್ಕೋ ಹೋಗು. ನಂಗಾಗಿಲ್ಲ."

ಈ ವಸಂತದಲ್ಲಿ ಅಂಗಳದ ಹಿಪ್ಪುನೇರಳೆ ಹಣ್ಣಾಯಿತು. ಪ್ರತಿವರ್ಷ ಮೊದಲ ಹಣ್ಣಿನಲ್ಲಿ ಗಂಡನಿಗೆಂದು ಒಂದು ಹಿಡಿ ತೆಗೆದಿಡುವವಳು, ಈ ಸಲ ಮಝೋಲ್ ಜೊತೆ ಹರಟುತ್ತ, ನಗುತ್ತ ಬಟ್ಟಲನ್ನೇ ಖಾಲಿ ಮಾಡಿದಳು. ತೊಳೆಯುವಾಗ ಹೊಳೆಯಿತು: ಬೆಳಗಿನಿಂದ ಒಮ್ಮೆಯೂ ಅವನ ನೆನಪು ಬಂದಿರಲಿಲ್ಲ.

ಒದ್ದೆ ಕೈಯಲ್ಲೇ ಗುರುಗಳ ಮನೆಗೆ ಓಡಿದಳು.

"ಗುರುಗಳೇ, ನಮ್ಮೆಜಮಾನ್ರು ಹೋಗ್ಬಿಟ್ರು."

"ಯಾರಮ್ಮ ಸುದ್ದಿ ತಂದಿದ್ದು?"

"ಯಾರೂ ಇಲ್ಲ. ನಾನೇ ಮರೆತೆ."

ಗುರುಗಳ ಮುಖ ಇಳಿಯಿತು. "ಅಯ್ಯೋ ತಾಯಿ, ಒಂದು ಹೊತ್ತು ಮರೆತ ಮಾತ್ರಕ್ಕೆ ಯಾರೂ ಸಾಯಲ್ಲ. ಅದು ಯಾಕೋಬನ ಮಾತು…"

"ಇಪ್ಪತ್ತೆರಡು ವರ್ಷ ಅದೇ ಮಾತಿನ ಮೇಲೆ ಬದುಕಿದೀನಿ. ಈಗ ಬೇರೆ ಅರ್ಥ ಹೇಳ್ಬೇಡಿ."

ಮನೆಗೆ ಬಂದು, ಸತ್ತವರಿಗಾಗಿ ಮಾಡುವ ಪದ್ಧತಿಯಂತೆ ಅಂಗಿಯ ಕೊರಳು ಹರಿದುಕೊಂಡು ನೆಲದ ಮೇಲೆ ಕೂತಳು. ಕೇರಿಯವರು ಬೇಯಿಸಿದ ಮೊಟ್ಟೆ, ರೊಟ್ಟಿ ತಂದಿಟ್ಟರು, ಅವಳು ಹೆಚ್ಚೇನೂ ಮುಟ್ಟಲಿಲ್ಲ. ನೋಡಿದವರ ಕರುಳು ಚುರುಕ್ಕೆನ್ನುವಂತೆ ಅತ್ತಳು. ಅವನ ಕೆಮ್ಮು, ಚಹಾ ಸೊರ್ರೆಂದು ಹೀರುವ ಸದ್ದು, ಜಗಳವಾಡಿ ಗೋಡೆಗೆ ಮುಖ ಮಾಡಿ ಮಲಗುವ ಪರಿ, ಒಂದೊಂದೇ ಬಂದು ಪಕ್ಕದಲ್ಲಿ ಕೂತವು.

ಏಳನೆಯ ದಿನ ಬೆಳಿಗ್ಗೆ ಗುರುಗಳು ಅವಳನ್ನು ನೆಲದಿಂದ ಎಬ್ಬಿಸಲು ಬಂದರು.

"ದೇವರು ನಿಂಗೆ ಸಮಾಧಾನ ಕೊಡ್ಲಿ, ತಾಯಿ."

ಬುಲೋರ್ ಊದಿದ ಕಣ್ಣೆತ್ತಿ ನೋಡಿದಳು.

"ಆಗ್ತಿಲ್ಲ ಗುರುಗಳೇ," ಎಂದಳು. "ಒಂಚೂರೂ ಆಗ್ತಿಲ್ಲ."

ಮಝೋಲ್ ಹಣೆ ಚಚ್ಚಿಕೊಂಡಳು. ಬುಲೋರ್ ಎದ್ದು ಸೂಜಿದಾರ ತಂದು, ಅಲ್ಲೇ ಎಲ್ಲರೆದುರು, ಹರಿದ ಕೊರಳನ್ನು ಹೊಲಿಯತೊಡಗಿದಳು.