ಐದು ಮೀಟರಿನ ಅಲೆ, ನನ್ನ ಒಂದು ಸುಳ್ಳು

ಮೊನ್ನೆ ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ನಾರಾಯಣಪೇಟೆಯ ನಮ್ಮ ಮಾಳಿಗೆಯ ಮೇಲೆ ಕೂತಿದ್ದೆ. ಕಿವಿಯಲ್ಲಿ ಬರೀ ಸುಯ್ಯೆನ್ನುವ ಸದ್ದು. ನನ್ನ ತಮ್ಮ ವೀರಭದ್ರ ಆಗ ಮಖ್ತಲ್ ಆಚೆ, ಕೃಷ್ಣಾ ನದಿಯ ನಡುಗಡ್ಡೆಯ ಮೇಲೆ ಒಬ್ಬನೇ ಇದ್ದ. ಹೊಳೆ ಏರುತ್ತಿದೆ ಎಂದು ಓಣಿಯಲ್ಲಿ ಸುದ್ದಿ.

ರೇಡಿಯೋದಲ್ಲಿ ಕರೆದರೆ ಅಕ್ಕನಿಗೆ ಕೇಳುತ್ತದೆ ಎಂದು ಅವನು ನಂಬಿದ್ದ. ಯಾಕೆ ನಂಬಿದ್ದ? ನಾನೇ ನಂಬಿಸಿದ್ದೆನಲ್ಲ!

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. (ವಾರವಾರ ಓದುವ ನಿಮಗೆ ಅದನ್ನು ಹೇಳಬೇಕಾಗಿಲ್ಲ.) ತಮ್ಮ ಹಾಗಲ್ಲ. ಸೀರೆ ನೇಯುವ ಮಗ್ಗ ಬಿಟ್ಟು ರಾಯಚೂರಿಗೆ ಹೋದ, ರೇಡಿಯೋ ರಿಪೇರಿ ಕಲಿತ, ಲೈಸೆನ್ಸ್ ತೆಗೆಸಿದ. ಈಗ ಅವನ ಹುಚ್ಚು ಐದು ಮೀಟರಿನ ಗಿಡ್ಡ ರೇಡಿಯೋ ಅಲೆ. ಅದು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರಂತೆ. ಗಾಳಿಯಾಡದ ಬೆಳಿಗ್ಗೆ ಅದು ಬಾಗಿ, ಗುಡ್ಡ ದಾಟಿ ಬರುತ್ತದೆ ಎಂದು ಇವನ ಹಟ.

ಕೇಳುವ ಕೆಲಸ ನನ್ನದು. ಲಾಳಿಯಿಂದ ಮಗ್ಗದ ಕಟ್ಟಿಗೆಯ ಮೇಲೆ ಕುಟ್ಟಿ ಕುಟ್ಟಿ, ತಂತಿ ಕಳಿಸುವ ಮೋರ್ಸ್ ಸಂಕೇತ ಕಲಿಸಿದ್ದ. ಕುಟ್ಟಿದರೆ ಗಿಡ್ಡ, ಎಳೆದರೆ ಉದ್ದ.

ಹೋದ ತಿಂಗಳು ರೇಡಿಯೋ ಪೆಟ್ಟಿಗೆ ಹೊತ್ತು ಗದ್ವಾಲ್‌ಗೆ ಹೋದ. ಅಲ್ಲಿಂದ ಒಂದು ಪದ ಕಳಿಸುತ್ತಾನೆ. ಯಾವ ಪದ ಎಂದು ನಾನು ಹೇಳಬೇಕು. ಸರಿ, ಏರಿಯಲ್ ಕೋಲು ನಿಲ್ಲಿಸಿ ಕೂತೆ. ಕೆಳಗಿನಿಂದ ಪಕ್ಕದ ಮನೆಯ ಬಸಮ್ಮ ಕೂಗಿದಳು.

"ಗಂಗವ್ವಾ, ಅದೇನ್ ಕೋಲು ನಿಲ್ಲಿಸೀಯಬೇ? ಪೊಲೀಸ್ ಅಮೀನ್ ಸಾಬ್ರು ಓಣ್ಯಾಗ ಬಂದಾರ!"

"ಲೈಸೆನ್ಸ್ ಐತೆವ್ವಾ."

"ಯಾರ ಹೆಸರಿಲೆ ಐತಿ? ನಿಂದೋ, ಅವಂದೋ? ಒಯ್ದು ಠಾಣ್ಯಾಗ ಕುಂದರಿಸಿದ್ರ ರೊಟ್ಟಿ ನಾ ತರಬೇಕೇನ್?"

ಲೈಸೆನ್ಸ್ ತಮ್ಮನ ಹೆಸರಿನಲ್ಲಿತ್ತು. ಕೋಲು ಇಳಿಸಿದೆ. ಅಂಗಳದಲ್ಲಿ ಸೀರೆಗೆಂದು ಉದ್ದಕ್ಕೆ ಎಳೆದು ಕಟ್ಟಿದ್ದ ಹಾಸಿನ ನೂಲಿನೊಳಗೆ ಅದನ್ನೂ ಒಂದು ಹಾಸುಗೋಲಿನಂತೆ ಮಲಗಿಸಿ, ತಲೆ ಬಗ್ಗಿಸಿ ಎಳೆ ಜೋಡಿಸುತ್ತ ಕೂತೆ. ಅಮೀನರು ನಮ್ಮ ಮನೆಯತ್ತ ತಿರುಗಿಯೂ ನೋಡದೆ ಹೋದರು. ತಮ್ಮ ಹೇಳಿದ್ದ ಹೊತ್ತೂ ಹೋಯಿತು.

ಸಂಜೆ ಧೂಳು ಮೆತ್ತಿದ ಮುಖ ಹೊತ್ತು ಬಂದ. "ಅಕ್ಕಾ, ಬಂತೇನು?"

"ಬಂತು."

"ಏನ್ ಬಂತು?"

"ರುದ್ರಾಕ್ಷಿ."

ಊಹಿಸಿ ಹೇಳಿದೆ. ಮಗ್ಗ ಬಿಡುವ ಮೊದಲು ಅವನು ತಪ್ಪಿಲ್ಲದೆ ನೇಯ್ದದ್ದು ಅದೊಂದೇ ಅಂಚು, ರುದ್ರಾಕ್ಷಿ ಅಂಚು. ಬೇರೆ ಯಾವ ಪದ ಕಳಿಸಿಯಾನು? ಅವನು ಕುಣಿದಾಡಿಬಿಟ್ಟ. "ಗದ್ವಾಲದಿಂದ ಇಲ್ಲೀತನ! ನೀ ಬರೇ ಅಕ್ಕ ಅಲ್ಲಬೇ, ನನ್ನ ಸ್ಟೇಷನ್!"

ಊಟ ಆಯಿತು, ನೋವಿಲ್ಲ, ಕೇಳಿಸಿತು. ಮನೆಯವರಿಗೆ ನಾವೆಲ್ಲ ದಿನಾ ಹೀಗೆ ಹೇಳುವುದಿಲ್ಲವೇ? ಕೇಳಿದವರು ಆ ಮಾತಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ ಎಂದು ಯಾರು ಯೋಚಿಸುತ್ತೇವೆ?

ತಮ್ಮ ನಿಂತ. ಸುತ್ತ ನೀರಿದ್ದರೆ ಅಲೆ ಹೇಗೆ ಸಾಗುತ್ತದೆ ನೋಡಬೇಕೆಂದು ನಡುಗಡ್ಡೆಗೆ ಹೊರಟ. ಇಳಿಸಿದ ಅಂಬಿಗನನ್ನು ವಾಪಸು ಕಳಿಸುತ್ತಾನಂತೆ. "ನೀರು ಏರಿದ್ರ ನಿನಗ ಹೇಳ್ತೀನಿ. ನೀ ಮಖ್ತಲ್ ಮೋಟಾರು ಹತ್ತಿ ಅಂಬಿಗರಿಗೆ ಹೇಳು." ನಿಜ ಹೇಳೋಣವೆಂದು ಬಾಯಿ ತೆರೆದೆ. "ಬುತ್ತಿ ಮರೀಬ್ಯಾಡ" ಎಂದೆ.

ಆ ಭಾನುವಾರ ಮಾಳಿಗೆಯ ಮೇಲೆ ಏನೂ ಕೇಳುತ್ತಿಲ್ಲ. ಅವನು ಕರೆಯುತ್ತಿಲ್ಲವೋ? ಕರೆದರೂ ಬರುತ್ತಿಲ್ಲವೋ? ಹೇಗೆ ತಿಳಿಯಬೇಕು? ಗದ್ವಾಲದ ಕರೆಗೆ ಅಂದೇ ಕಿವಿಗೊಟ್ಟಿದ್ದರೆ ಅಲೆ ಬರುತ್ತದೋ ಇಲ್ಲವೋ ತಿಳಿಯುತ್ತಿತ್ತು.

ಹೆಡ್‌ಫೋನ್ ಕಿತ್ತೆಸೆದು ಓಡಿದೆ. ಮೋಟಾರಿನಲ್ಲಿ ಕೂತರೂ ಕಾಲು ಓಡುತ್ತಲೇ ಇದ್ದವು. ದಂಡೆಯಲ್ಲಿ, ಅವನನ್ನು ಇಳಿಸಿ ಬಂದಿದ್ದ ಅಂಬಿಗ ಕೇಳಿದ, "ತಮ್ಮಂದು ತಾರು ಬಂತೇನ್ರಿ ಅವ್ವಾರ?"

"ಬಂದಿಲ್ಲಪ್ಪಾ. ಅದಕ್ಕ ಬಂದೀನಿ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಹರಿಗೋಲು ಬಿಟ್ಟ. ಕೆಂಪು ನೀರು ನಮ್ಮನ್ನು ಗಿರಗಿರ ತಿರುಗಿಸಿತು. ನಡುಗಡ್ಡೆ ಅರ್ಧ ಮುಳುಗಿತ್ತು. ಮೊಣಕಾಲುದ್ದ ನೀರಿನಲ್ಲಿ, ತಲೆಯ ಮೇಲೆ ಪೆಟ್ಟಿಗೆ ಹೊತ್ತು ತಮ್ಮ ನಿಂತಿದ್ದ. ನಗುತ್ತಿದ್ದ!

"ಕೇಳ್ತಲ್ಲ ಅಕ್ಕಾ! ಬೆಳಗಿಂದ ಕರಿಯಾಕ ಹತ್ತಿದ್ದೆ. ನೋಡು, ಬಂದಿ!"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೂಂ ಅನ್ನಲು ಮನಸ್ಸೂ ಬಂತು, ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ? ಆದರೆ ಇವನು ಮುಂದಿನ ಸಲ ಇನ್ನೂ ದೂರ ಹೋಗುತ್ತಾನೆ.

"ಏನೂ ಕೇಳಿಲ್ಲೋ ಈರ್ಯಾ. ಅವತ್ತೂ ಕೇಳಿಲ್ಲ. ಹೆದರಿ ಕೋಲು ಇಳಿಸಿದ್ದೆ."

ನಗು ಹೋಯಿತು. ಹರಿಗೋಲು ದಂಡೆ ಮುಟ್ಟಿತು. ಪೆಟ್ಟಿಗೆ ಇಳಿಸಿ, ನೀರಿನ ಕಡೆ ನೋಡುತ್ತ ಕೇಳಿದ.

"ಹಂಗಾರ ಬೆಳಗಿಂದ ನಾ ಯಾರಿಗಿ ಕರೀತಿದ್ದೆ, ಅಕ್ಕಾ?"